ಹೆಸರು ನೇಯ್ದ ಚಾದರಗಳು

ನನ್ನ ಬೀಗರಾಗಬೇಕಿದ್ದು ಈಗ ಬರೀ ಅಧ್ಯಕ್ಷರಾಗಿ ಕುಳಿತಿರುವ ಕಾಮಣ್ಣನವರೇ, ಮುಖ್ಯ ಅತಿಥಿಗಳೇ, ಅಕ್ಕಲಕೋಟೆಯ ವ್ಯಾಪಾರಿ ಬಂಧುಗಳೇ, ಮುಂದಿನ ಸಾಲಿನಿಂದ ನನ್ನನ್ನೇ ದಿಟ್ಟಿಸುತ್ತಿರುವ ಧರ್ಮಪತ್ನಿ ಕಸ್ತೂರಬಾಯಿಯವರೇ, ಸಭಿಕರೇ,

ಗಡಿಯಾಚೆಯ ಮ್ಯಾನ್ಮಾರಿನಲ್ಲಿ ಯುದ್ಧ ನಡೆದಿದೆ. ಮನೆಮಠ ಬಿಟ್ಟ ಜನ ಬೆಟ್ಟ ಹತ್ತಿಳಿದು ಮಿಝೋರಾಮಿಗೆ ಬಂದು ಕುಳಿತಿದ್ದಾರೆ. ಅವರಿಗೆ ಸೊಲ್ಲಾಪುರದ ಚನ್ನವೀರಪ್ಪ ಒಂದು ಟೆಂಪೋ ಚಾದರ ಕೊಟ್ಟನೆಂದು ತಾವು ಈ ಸತ್ಕಾರ ಇಟ್ಟುಕೊಂಡಿದ್ದೀರಿ. ದಾನ ಎಂದರೇನು? ತನಗೆ ಪ್ರಿಯವಾದುದನ್ನು ಕೊಡುವುದೇ ದಾನ ಎನ್ನುತ್ತಾರೆ ಹಿರಿಯರು. ಆ ಚಾದರಗಳು ನನಗೆ ಪ್ರಿಯವಾಗಿದ್ದವೇ? ಅದನ್ನು ಸ್ವಲ್ಪ ವಿವರಿಸಬೇಕಾಗುತ್ತದೆ. ಬೇಡವೆಂದು ಕಸ್ತೂರಬಾಯಿ ಕಣ್ಣಿನಲ್ಲೇ ಹೇಳುತ್ತಿದ್ದಾಳೆ, ಆದರೂ ಮೈಕು ಸಿಕ್ಕಿದೆ.

ನಮ್ಮದು ಮಗ್ಗದ ಮನೆತನ. ಮದುವೆಯ ಆಹೇರಿಗೆ, ಅಂದರೆ ಉಡುಗೊರೆಗೆ, ಬೇರೆಯವರು ಬಟ್ಟೆ ಕೊಳ್ಳುತ್ತಾರೆ. ನಾವು ಅಂಚಿನಲ್ಲಿ ವಧೂವರರ ಹೆಸರು ಹಾಕಿ ಚಾದರ ನೇಯಿಸುತ್ತೇವೆ. ಮಗಳು ಪ್ರಾಜಕ್ತಾಳಿಗೆ ಕಾಮಣ್ಣನವರ ಚಿರಂಜೀವಿ ಸಚಿನರನ್ನು ನೋಡಿದೆವು. ಮನೆತನ ಒಳ್ಳೆಯದು, ಕಬ್ಬಿನ ಹೊಲ, ಎಲ್ಲ ಸರಿ. ಮಗ್ಗವೂ ಖಾಲಿ ಇತ್ತು. ‘ಪ್ರಾಜಕ್ತಾ–ಸಚಿನ ಶುಭವಿವಾಹ’ ಎಂದು ನೇಯಿಸಿಬಿಟ್ಟೆ. ಬಣ್ಣ ಯಾವುದಿರಲಿ ಎಂದು ಮಗ್ಗದವನನ್ನು ಕೇಳಿದೆ. ಅಕ್ಷರ ಎಷ್ಟು ದೊಡ್ಡದಿರಲಿ ಎಂದು ಕಾಮಣ್ಣನವರನ್ನು ಕೇಳಿದೆ. ಇನ್ನು ಯಾರನ್ನು ಕೇಳಬೇಕಿತ್ತು?

ಚಾದರದ ಗಂಟು ಬಿಚ್ಚಿದ ದಿನ ಪ್ರಾಜಕ್ತಾ ಅಂಚು ಓದಿದಳು. “ಅಪ್ಪಾಜಿ, ನನಗೊಂದ್ ಮಾತ ಕೇಳಬೇಕಿತ್ತಲ್ರಿ? ನಾ ಒಲ್ಲೆ,” ಎಂದಳು.

“ಒಲ್ಲೆ ಅಂದ್ರ ಹೆಂಗವ್ವಾ? ಚಾದರ ನೇಯ್ದಾಗ್ಯಾವಲ್ಲಾ!” ಎಂದೆ.

ನಾನು ಸುಳ್ಳು ಹೇಳಿದೆನೇ? ನೇಯ್ದಾಗಿದ್ದವು. ಮದುವೆ ಅಲ್ಲಿಗೇ ನಿಂತಿತು. ಅಂದಿನಿಂದ ಆಕೆ ನನ್ನೊಡನೆ ಮಾತು ಬಿಟ್ಟಳು. ಹೊತ್ತಿಗೆ ಸರಿಯಾಗಿ ಊಟಕ್ಕೆ ಬಡಿಸುತ್ತಿದ್ದಳು, ಮಾತಿಲ್ಲ. ನನಗೆ ಹೇಳಬೇಕಾದದ್ದನ್ನು ಮನೆಯ ಬೆಕ್ಕಿಗೆ ಹೇಳುತ್ತಿದ್ದಳು, ನಾನು ಕೇಳಿಸಿಕೊಳ್ಳಬೇಕು. ಎರಡು ದೀಪಾವಳಿ ಹೀಗೇ ಹೋದವು. ಬೆಕ್ಕಿಗೆ ನಮ್ಮ ಸಂಸಾರದ ಸಮಸ್ತವೂ ಗೊತ್ತು.

ಅಷ್ಟರಲ್ಲಿ ಈ ಯುದ್ಧದ ಸುದ್ದಿ. ಮಗಳು ನರ್ಸ್. ಆಕೆಯೂ ಗೆಳತಿಯರೂ ಓಣಿ ಓಣಿ ತಿರುಗಿ ಸಾಮಾನು ಕೂಡಿಸಿದರು. ಮಂದ್ರೂಪದ ಹಣಮವ್ವ ಹತ್ತು ಮನೆಯ ಹೆಂಗಸರನ್ನು ಕೂಡಿಸಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಅಲ್ಲಿಯವರು ಅನ್ನ ಉಣ್ಣುವ ಜನ. ರೊಟ್ಟಿ ನೋಡಿ, ಇದನ್ನು ಸೂರಿಗೆ ಹೊದಿಸುವುದೇ ಎಂದು ಕೇಳಿದರಂತೆ. ಚಟ್ನಿಯ ಬಗ್ಗೆ ಯಾರೂ ಏನೂ ಕೇಳಲಿಲ್ಲ, ಖಾಲಿಯಾಯಿತು.

ನಾನೂ ಆ ಚಾದರಗಳು ಬಿದ್ದಿದ್ದ ಗೋದಾಮಿನ ಬಾಗಿಲು ತೆಗೆದೆ. ಕಸ್ತೂರಬಾಯಿ ಅಡ್ಡ ನಿಂತಳು: “ಮಗಳ ಹೆಸರಿಂದು ಮಂದಿಗಿ ಕೊಡತಾರೇನ್ರಿ? ಜನಾ ಏನಂದಾರು?”

“ಅಲ್ಲಿ ನಮ್ಮ ಅಕ್ಷರ ಯಾರಿಗಿ ಓದಾಕ ಬರತದ? ಇಲ್ಲಿ ಮರಾಠಿ ಸಾಲಿ ಕಲ್ತ ನಮ್ಮ ಹುಡುಗರಿಗೇ ಬರಂಗಿಲ್ಲ,” ಎಂದೆ.

ಕೊಟ್ಟದ್ದು ಕರುಣೆಯಿಂದಲೋ, ಅವು ಕಣ್ಣೆದುರಿನಿಂದ ತೊಲಗಲಿ ಎಂದೋ? ಪತ್ರಕರ್ತ ಮಿತ್ರರು ಇದನ್ನು ಬರೆದುಕೊಳ್ಳಬಾರದು. ಮಗಳು ಬೆಕ್ಕಿನ ಕಡೆ ತಿರುಗಿ, “ಸಾಮಾನಿನ ಸಂಗಾಟ ನಾನೂ ಹೊಂಟೀನಿ,” ಎಂದಳು. ಹೋದಳು.

ಅಲ್ಲಿಂದ ಫೋನು ಬರುವುದು ತಾಯಿಗೆ. ಮೊನ್ನೆ ನನ್ನ ಫೋನು ಬಡಿದುಕೊಂಡಿತು.

“ಅಪ್ಪಾಜಿ, ನಾನ್ರಿ. ಜ್ವರ ಬಂದು ಮಲಗಿದ್ದೆ. ಇಲ್ಲಿ ಒಬ್ಬಾಕಿ ಮುದುಕಿ ಇದ್ದಾಳ, ಮನಿ ಸುಟ್ಟು ಹೋಗ್ಯಾದ ಆಕಿದು. ತನಗ ಕೊಟ್ಟ ಚಾದರ ತಂದು ನನಗ ಹೊದಿಸ್ಯಾಳ. ಅದಾ ಚಾದರ್ರಿ, ನನ್ನ ಹೆಸರಿಂದು. ಥಂಡಿ ಭಾಳ ಅದ ಇಲ್ಲಿ. ಬೆಚ್ಚಗದ, ಅಪ್ಪಾಜಿ.”

ಇಷ್ಟು ದಿನದ ಮೇಲೆ ಮಗಳು ಮಾತಾಡಿದಾಗ ತಂದೆಯಾದವನು ಏನು ಹೇಳಬೇಕು? ನನಗೆ ಹೊಳೆದದ್ದು ಒಂದೇ. “ಬಣ್ಣ ಹೋಗ್ಯಾದೇನವ್ವಾ?” ಎಂದೆ.

“ಇಲ್ರಿ, ಅಪ್ಪಾಜಿ,” ಎಂದಳು.

ಫೋನಿಟ್ಟು ಖಾಲಿ ಗೋದಾಮಿಗೆ ಹೋಗಿ ಅತ್ತೆ. ಕಸ್ತೂರಬಾಯಿಗೆ ಇದು ಈಗಲೇ ತಿಳಿಯುತ್ತಿರುವುದು.

ಕಾಮಣ್ಣನವರೇ, ತಮ್ಮ ಚಿರಂಜೀವಿಯ ಹೆಸರೂ ಅಲ್ಲಿ ನಾಲ್ಕು ಜನರನ್ನು ಬೆಚ್ಚಗಿಟ್ಟಿದೆ. ಪುಣ್ಯದಲ್ಲಿ ತಮಗೂ ಪಾಲಿದೆ. ಚಾದರ ಕೊಟ್ಟವನೆಂದು ನನ್ನನ್ನು ಕರೆಸಿದಿರಿ. ಕೊಟ್ಟವಳು ಆ ಮುದುಕಿ. ಪಡೆದವರು ನನ್ನ ಮನೆಯವರು.

ಈಗ ತಾವು ನನ್ನ ಹೆಗಲಿಗೆ ಹೊದಿಸಿದ ಚಾದರದ ಅಂಚಿನಲ್ಲಿ ನನ್ನ ಹೆಸರು ನೇಯಿಸಿದ್ದೀರಿ. ನನ್ನನ್ನು ಒಂದು ಮಾತೂ ಕೇಳದೆ. ಸಂತೋಷ. ನಾಳೆ ಎರಡನೆಯ ಗಾಡಿ ಹೊರಡುತ್ತದೆ, ಇದು ಅದರಲ್ಲಿ ಹೋಗುತ್ತದೆ. ಮಗಳು ಇದನ್ನು ಹೊದ್ದುಕೊಂಡರೆ ಮುದುಕಿಗೆ ತನ್ನದು ತಿರುಗಿ ಸಿಗುತ್ತದೆ. ಹೆಸರು ಇದ್ದರೆ ಇರಲಿ. ಅಲ್ಲಿ ಅದನ್ನು ಓದಲು ಬರುವವಳು ಒಬ್ಬಳಿದ್ದಾಳೆ.

ಇಷ್ಟು ಹೊತ್ತು ಕೇಳಿದ ತಮಗೆಲ್ಲ ನನ್ನ ವಂದನೆಗಳು. ನಮಸ್ಕಾರ.