ಅಮ್ಮನ ರೂಮಿನ ವೈರು

ಕಣ್ಣಿಗೆ ಔಷಧಿ ಬಿಡಿಸಿಕೊಂಡ ದರ್ಜಿ ಆಸ್ಪತ್ರೆಯ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದ. ಪಕ್ಕದಲ್ಲೇ ಅಕ್ಕ ತಮ್ಮ ಜಗಳಕ್ಕೆ ಬಿದ್ದಿದ್ದರು. ಕಿವಿಗೆ ರೆಪ್ಪೆ ಇಲ್ಲವಲ್ಲ.

“ಮನೆಗೆಲ್ಲ ನೀನು ತಾಮ್ರದ ವೈರು ಎಳೆದೆ. ಅಮ್ಮನ ರೂಮಿಗೆ ಮಾತ್ರ ಅಲ್ಯೂಮಿನಿಯಂ ಯಾಕೋ?”

“ತಾಮ್ರ ಸಾಲಲಿಲ್ಲ ಅಕ್ಕಾ. ಹಳೇ ಸುರುಳಿ ಒಂದು ಬಿದ್ದಿತ್ತು. ಅಮ್ಮನಿಗೆ ಒಂದು ಬಲ್ಬು, ಒಂದು ಫ್ಯಾನು, ಅಷ್ಟೇ ತಾನೇ ಅಂದ್ಕೊಂಡೆ.”

“ಆಮೇಲೆ ಚಳಿ ಅಂತ ಹೀಟರ್ ತಂದಿಟ್ಟೋನು ಯಾರು?”

“ನಾನೇ.”

“ತಾಮ್ರದ ವೈರಿಗೆ ಆ ಅಲ್ಯೂಮಿನಿಯಂ ಹೊಸೆದು ಟೇಪ್ ಸುತ್ತಿದ್ಯಲ್ಲ, ಅಲ್ಲೇ ಕಾದು ಕಾದು ಹತ್ಕೊಂಡಿದ್ದು. ದೊಡ್ಡ ಎಲೆಕ್ಟ್ರಿಷಿಯನ್ ನೀನು, ಹಾಗೆ ಮಾಡಬಾರದು ಅಂತ ಊರೋರಿಗೆಲ್ಲ ಭಾಷಣ ಬಿಗೀತೀಯ!”

“ಮೆಲ್ಲಗೆ ಮಾತಾಡು, ಜನ ಇದಾರೆ.”

“ಕೇಳಿಸ್ಕೊಳ್ಳಲಿ!”

“ಸುಟ್ಟ ವಾಸನೆ ಬಂದಾಗಲೇ ಅಮ್ಮ ಎದ್ದು ಹೊರಗೆ ಬರಬಾರದಿತ್ತಾ?”

ಅಷ್ಟರಲ್ಲಿ ನರ್ಸ್ ಕೂಗಿದಳು: “ಸುಟ್ಟಗಾಯದ ಅಜ್ಜಿ ಕಡೆಯೋರು ಬನ್ನಿ.”

ಬೆಂಚು ಕಿರುಗುಟ್ಟಿತು. ಅಕ್ಕನ ದನಿ ಈಗ ಹಲ್ಲಿನ ನಡುವಿಂದ ಬಂತು.

“ನಾನೂ ಅದನ್ನೇ ಕೇಳಿದೆ ಕಣೋ. ‘ಪಕ್ಕದ ಮನೇದಿರಬೇಕು, ನನ್ನ ಮಗ ಹಾಕಿದ ವೈರು ಸುಡಲ್ಲ’ ಅಂತ ಮಗ್ಗುಲು ಬದಲಾಯಿಸಿ ಮಲಗಿದಳಂತೆ.”

ಒಂದೇ ಜೊತೆ ಚಪ್ಪಲಿಯ ಸದ್ದು ಒಳಗೆ ಹೋಯಿತು; ತಮ್ಮನ ಉಸಿರು ಬೆಂಚಿನ ಮೇಲೆಯೇ ಕೇಳುತ್ತಿತ್ತು.