ವಿಮಾನಕ್ಕೆ ಬೆನ್ನು ಮಾಡಿ ನಿಂತವರು

ಇಲ್ಲಿ ಕೂಡಿದ ಹಿರಿಯರೇ, ಮಾಸ್ತರರ ಮನೆಯವರಾದ ಸಾವಿತ್ರೀಬಾಯಿಯವರೇ, ಮಗಳು ಮಂಜರಿಯೇ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಯಿಂದ ಬಂದ ನಮ್ಮ ಮಾದರಿ ವಿಮಾನ ಕ್ಲಬ್ಬಿನವರೇ — ಎಲ್ಲರಿಗೂ ಸುಮಂಗಲಾಳ ಶರಣು. ನಾನು ಸಾಲ್ಯಾಗ ಬಿಸಿಯೂಟ ಮಾಡೋಕಿ. ಮೈಕಿನ ಮುಂದೆ ನಿಂತು ರೂಢಿ ಇಲ್ಲ. ತಪ್ಪಿದರೆ ಹೊಟ್ಟಿಗೆ ಹಾಕ್ಕೊಳ್ರಿ.

ಹೋದ ವಾರ ನಮ್ಮನ್ನು ಬಿಟ್ಟುಹೋದ ಪಂಢರಿನಾಥ ಮಾಸ್ತರರ ಗುಣಗಾನ ಎಲ್ಲರೂ ಮಾಡಿದಿರಿ. ನಾ ಒಂದು ಪ್ರಶ್ನೆ ತಂದೇನಿ.

ನಮ್ಮ ಪಂದ್ಯದಾಗ ಒಂದೊಂದು ಸರತಿಗೆ ನಾಲ್ಕು ವಿಮಾನ, ರಿಮೋಟಿನಿಂದ ಹಾರಿಸಿ ಎರಡು ಕಂಬ ಸುತ್ತಿಸಬೇಕು. ಯಾವ ಸರತಿಗೆ ಯಾರ್‍ಯಾರು ಅಂತ ಮಾಸ್ತರರು ಎಲ್ಲರೆದುರೇ ಚೀಟಿ ಎತ್ತಿಸೋರು. ಸುತ್ತು ಎಣಿಸೋದು ನನ್ನ ಕೆಲಸ. ವಿಮಾನ ಎದ್ದವೋ ಇಲ್ಲವೋ, ಮಾಸ್ತರರು — ಹಿಂಗ ನೋಡ್ರಿ — ಕೈಯಾಗ ಕೆಂಪು ಬಾವುಟ ಹಿಡಿದು, ತಿರುಗಿ ಬೆನ್ನು ಮಾಡಿ ನಿಂತುಬಿಡೋರು! ವಿಮಾನದ ಅಷ್ಟು ಹುಚ್ಚು ಇದ್ದ ಮನುಷ್ಯ, ಒಂದು ಸರತಿಯನ್ನೂ ಕಣ್ಣಾರೆ ನೋಡಲಿಲ್ಲ. ಯಾಕ?

ದೇವರಿಗೆ ಬೆನ್ನು ಮಾಡಬಾರದು ಅಂತ ನಮ್ಮವ್ವ ಕಲಿಸ್ಯಾಳ. ಮಾಸ್ತರರಿಗೆ ವಿಮಾನವೇ ದೇವರು, ಅದಕ್ಕೇ ಬೆನ್ನು; ನನಗಿದು ಬಗೆಹರಿಯಲಿಲ್ಲ. ನಮ್ಮ ಕ್ಲಬ್ಬಿನ ಬಂದಗಿಸಾಬ ಅಂತೂ ಕಾಡಿಸೋನು, "ಮಾಸ್ತರ, ಲಗ್ನಕ್ಕ ಬಂದು ಮದುಮಗಳನ್ನ ಬಿಟ್ಟು ಊಟದ ಪಂಗತಿ ನೋಡಾಕತ್ತೀರಲ್ರಿ!" ಅವರು ನಗೋರು, ತಿರುಗುತ್ತಿರಲಿಲ್ಲ.

ಮಸೂತಿ ಊರಾಗಿನ ಪಂದ್ಯ ನೆನಪೈತಿಲ್ರಿ? ಕೊನೇ ಸುತ್ತು. ಮಂಜರಿಯ ವಿಮಾನ ಮುಂದ — ಆಗಲೇ ಕೆಂಪು ಬಾವುಟ ಮ್ಯಾಲೆ ಎದ್ದಿತು. ಬಾವುಟ ಎದ್ದರೆ ಎಲ್ಲ ವಿಮಾನ ಇಳಿಯಲೇಬೇಕು. ಯಾಕಂತೀರಿ? ಆ ಊರಿನ ಮುದುಕಿ ಖಾತುನಬಿ ಆಯಿ ತನ್ನ ಆಡು ಹುಡುಕುತ್ತಾ, ಮಂದಿ ದಾಟಬಾರದಂತ ಹಾಕಿದ ಸುಣ್ಣದ ಗೆರಿ ದಾಟಿ ಬಂದಿದ್ದಳು. ನಾವ್ಯಾರೂ ನೋಡಿರಲಿಲ್ಲ. ನಮ್ಮ ಕಣ್ಣೆಲ್ಲ ಮುಗಿಲಾಗ!

"ಮಾಸ್ತರ, ಒಂದು ಆಡಿನ ಸಲುವಾಗಿ ಪಂದ್ಯ ಕೆಡಿಸಿದಿರಲ್ರಿ!" ಅಂದ ಬಂದಗಿಸಾಬ.

"ಆಡಿನ ಹಿಂದ ಆಯಿ ಇದ್ದಳೋ," ಅಂದರು.

ಮಂಜರಿ ಅಳುತ್ತಾ ಬಂದಳು. "ಅಪ್ಪಾ, ನಾ ಮುಂದಿದ್ದೆ!"

"ನನಗ ಕಾಣಲಿಲ್ಲ, ಮಗಳ."

ಸರತಿ ಮತ್ತೆ ನಡೆಯಿತು. ಮಂಜರಿ ಸೋತಳು. ಮಾಸ್ತರರು ಆಗಲೂ ನಮ್ಮ ಕಡೆಗೇ ಮುಖ ಮಾಡಿ ನಿಂತಿದ್ದರು.

ಅವತ್ತು ಸಂಜಿಗೆ ಗುಡಿಗೆ ಹೋದೆ. ಬಾಗಿಲ ಎರಡೂ ಬದಿ ದ್ವಾರಪಾಲಕರು. ಎಷ್ಟು ವರ್ಷ ಕೈ ಮುಗಿದೇನಿ — ಅವತ್ತೇ ಕಣ್ಣಿಗೆ ಬಿತ್ತು. ಅವರೂ ದೇವರಿಗೆ ಬೆನ್ನು ಮಾಡೇ ನಿಂತಾರ! ಮಂದಿ ಕಡೆ ಮುಖ. ಕಾಯೋರು ಹಂಗೇ ನಿಲ್ಲಬೇಕಲ್ರಿ.

ಬರೋ ಐತವಾರ ಮೋರಟಗಿಯಾಗ ಕಡೇ ಸರತಿ ಐತಿ. ಮಂದಿ ಒಳಗ ಬರದಂಗ ಹಗ್ಗ ಕಟ್ಟಿದರೆ ಸಾಕು, ಕಾಯೋರು ಬ್ಯಾಡ ಅನ್ನೋರು ಅದಾರ, ಈ ವರ್ಷ ಪಂದ್ಯಾನೇ ಬ್ಯಾಡ ಅನ್ನೋರೂ ಅದಾರ. ಮಂಜರಿ ಒಂದೇ ಮಾತು ಅಂದಾಳ: "ಅಪ್ಪನ ಜಾಗದಾಗ ಯಾರರೆ ನಿಂತರ ಹಾರಸ್ತೇನಿ. ಇಲ್ಲಾಂದ್ರ ಇಲ್ಲ." ಆ ಜಾಗಕ್ಕ ಯಾರೂ ಮುಂದ ಬರಲಿಲ್ಲ. ಆಗೋದೇ. ನೋಡೋ ಆಸೆಗೇ ಅಲ್ಲೇನ್ರಿ ನಾವು ಬರೋದು? ನನಗೂ ಹಂಗೇ — ವಿಮಾನ ಕಂಬಕ್ಕ ಹೊರಳಿದಾಗ ಎದಿ ಝಲ್ ಅಂತೈತಿ. ಆದರೂ ಸುತ್ತು ಎಣಿಸೋಕೆ ಬ್ಯಾರೆಯವರನ್ನ ನೋಡ್ಕೊಳ್ರಿ. ಆ ಬಾವುಟ ನನಗ ಕೊಡ್ರಿ. ಮಂಜರಿ, ನೀ ಹಾರಿಸವ್ವ. ಗೆದ್ದರೆ ಆಮ್ಯಾಲೆ ಬಂದು ಹೇಳು.

ಈಗ ಎಲ್ಲರೂ ಎದ್ದು ನಿಲ್ರಿ. ಮಾಸ್ತರರ ಆತ್ಮಕ್ಕೆ ದೇವರು ಶಾಂತಿ ಕೊಡಲಿ ಅಂತ ಒಂದು ಗಳಿಗೆ ಮೌನವಾಗಿ ಬೇಡಿಕೊಳ್ಳೋಣ. ನೀವು ಕಣ್ಣು ಮುಚ್ಚಿಕೊಳ್ರಿ —

ನಾ ತೆರೆದಿರ್ತೇನಿ.