ಮಕ್ಕಳ ಸರದಿ

ಮಂಡಿನೋವು ತೋರಿಸಲು ಡಾಕ್ಟರ ಕೋಣೆಯ ಮುಂದೆ ಕಾಯುತ್ತಿದ್ದ ದರ್ಜಿಯ ಎದುರಿಗೇ ಅಕ್ಕ, ತಮ್ಮ ಕೂತಿದ್ದರು. ನಡುವೆ ಗಾಲಿಕುರ್ಚಿಯಲ್ಲಿ ತೊಂಬತ್ತು ದಾಟಿದ ಅವರಮ್ಮ. ಅವಳ ರವಿಕೆ ಎರಡೂ ಕಡೆ ಎರಡೆರಡು ಇಂಚು ಒಳಗೆ ಹಿಡಿಯುವಷ್ಟು ಸಡಿಲವಾಗಿದೆ ಅಂತ ದರ್ಜಿಯ ಕಣ್ಣು ತಾನಾಗಿಯೇ ಅಳೆಯಿತು.

“ನಿನ್ನೆಯಿಂದ ಅಮ್ಮನ ಹೊಟ್ಟೆಗೇನೂ ಬಿದ್ದಿಲ್ಲ ಕಣೋ.”

“ಕರುಳಿಗೆ ಕ್ಯಾಮೆರಾ ಬಿಡೋಕೆ ಹೊಟ್ಟೆ ಖಾಲಿ ಇರಬೇಕಲ್ಲಕ್ಕ.”

“ಗಡ್ಡೆ ಸಿಕ್ಕರೆ ಆಪರೇಷನ್ ಮಾಡಿಸ್ತೀಯಾ?”

“ಈ ವಯಸ್ಸಲ್ಲಿ ಎಲ್ಲಿ ತಡ್ಕೋತಾಳೆ? ಡಾಕ್ಟರೇ ಬೇಡ ಅಂದಿದ್ದಾರೆ.”

“ಮತ್ಯಾಕೆ ಈ ಟೆಸ್ಟು?”

“ಹೋದ ತಿಂಗಳು ನೀನು ತಲೆ ಸ್ಕ್ಯಾನ್ ಮಾಡಿಸಿದೆ. ನಾನು ಏನೂ ಮಾಡಿಸಲಿಲ್ಲ ಅಂತ ನಾಳೆ ನಾಲ್ಕು ಜನ ಆಡಿಕೊಳ್ಳಬಾರದಲ್ಲ.”



ನರ್ಸ್ ಬಂದು ಕುರ್ಚಿಯನ್ನು ಪಕ್ಕದ ಟೆಸ್ಟಿನ ಕೋಣೆಯತ್ತ ತಳ್ಳಿದಳು. ಅಮ್ಮ ಬಾಗಿಲ ಬಳಿ ತಿರುಗಿ ಮಗನನ್ನು ಕೇಳಿದಳು: “ಇನ್ನು ನಿನ್ನ ತಂಗಿಯ ಸರದಿಯೊಂದು ಬಾಕಿ, ಅಲ್ಲವೇನೋ?”